ಹತ್ತಿಯ ಬೆಲೆ ಕಲಿಸಿದ ಪಾಠ



ಹುಕ್ಕೇರಿಯಲ್ಲಿ ನನ್ನ ಕೈಕೆಳಗೆ ಕಲಿತು, ಈಗ ಮೂಡಲಗಿಯಲ್ಲಿ ವ್ಯಾಪಾರ ಮಾಡುವ ಶಿಷ್ಯನೊಬ್ಬ ಮೊನ್ನೆ ಮನೆಗೆ ಬಂದಿದ್ದ. ಸಾಲ ತೆಗೆದು ಅರಿಷಿಣ ದಾಸ್ತಾನು ಮಾಡುವ ಹಂಬಲ ಅವನದು. "ಯಾರನ್ನ ವಿಚಾರಿಸಿದಿ?" ಎಂದೆ. "ಎಲ್ಲಾರೂ ಹಿಡಿದಿಟ್ಟಾರ್ರಿ ಸರ್" ಎಂದ. ಅವನಿಗೆ ಹೇಳಿದ ಇತಿಹಾಸವನ್ನೇ ಇಲ್ಲಿ ಬರೆಯುತ್ತಿದ್ದೇನೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ದೊರೆಯದಾಯಿತು. ಆಗ ನಮ್ಮ ಬೆಳಗಾವಿ, ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂದಿತು. ಮುಂಬಯಿಯ ವರ್ತಕರು ಹತ್ತಿಯ ಲಾಭವನ್ನು ಹೊಸ ಕಂಪನಿಗಳ ಷೇರುಗಳಿಗೆ ಸುರಿದರು. ಬೆಲೆ ಎಷ್ಟೆಂದು ಎಲ್ಲರೂ ಕೇಳಿದರು. ಏಕೆ ಏರಿತು, ಆ ಕಾರಣ ಎಷ್ಟು ದಿನ ಉಳಿದೀತು ಎಂದು ವಿಚಾರಿಸಿದವರು ವಿರಳ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಪ್ರೇಮಚಂದ ರಾಯಚಂದರಂಥ ಧನಿಕರೇ ಸಂಪತ್ತು ಕಳೆದುಕೊಂಡರು.

1887ರಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ಆರಂಭವಾಯಿತು. ಅದರ ಆಧಾರ ಗಾಳಿಸುದ್ದಿಯಲ್ಲ. ಸುತ್ತಲಿನ ಹತ್ತಿಯ ಹೊಲ, ಸುಮಾರು 52 ಮೀಟರ್ ಧುಮುಕುವ ಘಟಪ್ರಭೆಯ ಶಕ್ತಿ. ಎರಡೂ ಅಳೆದು ನೋಡಬಹುದಾದವು.

"ಸಾಂಗಲಿಯ ಪೇಟೆಗೆ ನೀನೇ ಹೋಗಿ ಬಾ. ನಿಜಾಮಾಬಾದ, ಈರೋಡುಗಳಲ್ಲಿ ಈ ವರ್ಷ ಎಷ್ಟು ಬಿತ್ತನೆಯಾಗಿದೆ, ಹಳೆಯ ಮಾಲು ಎಷ್ಟು ಉಳಿದಿದೆ, ತಿಳಿದುಕೋ. ಆಮೇಲೆ ಸಾಲದ ಮಾತು" ಎಂದೆ.

ಅವನು ಹೋದ ಮೇಲೆ ಒಂದು ಸಂಗತಿ ಮನಸ್ಸನ್ನು ಚುಚ್ಚಿತು. ತರಗತಿಯಲ್ಲಿ ನಾನು 1861, 1865 ಎಂಬ ಇಸವಿಗಳನ್ನು ಬಾಯಿಪಾಠ ಮಾಡಿಸಿದ್ದೆ; ನಮ್ಮ ಹೊಲದ ಹತ್ತಿಯ ಕಥೆ ಹೇಳಿರಲಿಲ್ಲ. ಆ ಬಾಕಿಯನ್ನು ಇಂದು ತೀರಿಸಿದ್ದೇನೆ.