ಮದರಾಸಿನ ಪಾತಾಳ

ಒಳಚರಂಡಿಗೆ ತಮಿಳಿನಲ್ಲಿ ‘ಪಾದಾಳ ಸಾಕ್ಕಡೈ’ ಎನ್ನುತ್ತಾರೆ. ಕನ್ನಡದ ‘ಒಳ’ ಬರಿಯ ಜಾಗವನ್ನು ಹೇಳಿದರೆ, ತಮಿಳಿನ ಪಾತಾಳ ಇನ್ನೊಂದು ಲೋಕವನ್ನೇ ಹೇಳುತ್ತದೆ. ಆ ಲೋಕಕ್ಕೆ ಇಳಿಯುವವರು ಯಾರು ಎಂಬುದು ಮಾತ್ರ ಊರಿಂದೂರಿಗೆ ಬೇರೆ. ಪ್ಯಾರಿಸ್ಸಿನಲ್ಲಿ 1867ರ ವಸ್ತುಪ್ರದರ್ಶನದ ಹೊತ್ತಿಗೇ ಜನ ಚರಂಡಿಯ ಸುರಂಗ ನೋಡಲು ಪ್ರವಾಸ ಹೋಗುತ್ತಿದ್ದರು. ಮೆಲ್ಬರ್ನಿನಲ್ಲಿ 1986ರಲ್ಲಿ ಹುಟ್ಟಿದ ‘ಕೇವ್ ಕ್ಲ್ಯಾನ್’ ಗುಂಪಿಗೆ ಮಳೆನೀರಿನ ಸುರಂಗಗಳಲ್ಲಿ ಅಲೆಯುವುದೇ ಹವ್ಯಾಸ. ಚೆನ್ನೈಯಲ್ಲಿ ಕೆಳಗಿಳಿದವರು ನೋಡಲು ಹೋದವರಲ್ಲ, ಕೂಲಿಗೆ ಹೋದವರು.

ಇದಕ್ಕೆ ಒಂದು ಕಾರಣ ನೆಲದಲ್ಲೇ ಇದೆ. ಚೆನ್ನೈ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದ ಸಪಾಟು ಊರು. ಕೊಳಚೆ ತಾನಾಗಿ ಹರಿಯಲು ಕೊಳವೆಗೆ ಇಳಿಜಾರು ಬೇಕು. ಸಪಾಟು ನೆಲದಲ್ಲಿ ಇಳಿಜಾರು ಕೊಡುತ್ತ ಹೋದರೆ ಕೊಳವೆ ಆಳಕ್ಕಿಳಿಯುತ್ತದೆ. ಅಲ್ಲಿಂದ ಪಂಪು ಹಾಕಿ ಮೇಲೆತ್ತಬೇಕು. ಹರಿವು ನಿಧಾನವಾದ ಕಡೆ ಹೂಳು ಕೂರುತ್ತದೆ. ಕೊಳೆತ ಹೂಳಿನಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಈ ಅನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಹಾಗಾಗಿ ಇಳಿದವನಿಗೆ ಅಪಾಯದ ಸುಳಿವೂ ಸಿಗುವುದಿಲ್ಲ.

ಎರಡನೆಯ ಕಾರಣ ಲೆಕ್ಕದ್ದು. 1865ರಲ್ಲಿ ಕ್ಯಾಪ್ಟನ್ ಹೆಕ್ಟರ್ ಟುಲ್ಲಕ್ ಎಂಬ ಎಂಜಿನಿಯರು ಮದರಾಸಿಗೆ ಚರಂಡಿ ಯೋಜನೆ ಬರೆದುಕೊಟ್ಟಿದ್ದ. ಊರಿಗೆಲ್ಲ ಹೊಂದುವ ವ್ಯವಸ್ಥೆ ರೂಪುಗೊಂಡದ್ದು ಮಾತ್ರ 1910ರ ಸುಮಾರಿಗೆ. 1961ಕ್ಕೆ ಊರಿನ ಜನಸಂಖ್ಯೆ 6.6 ಲಕ್ಷ ಆಗಬಹುದೆಂದು ಲೆಕ್ಕ ಹಾಕಿ ಅದಕ್ಕೆ ತಕ್ಕಂತೆ ಕೊಳವೆಗಳನ್ನು ಯೋಜಿಸಿದರು. 1961ರ ಜನಗಣತಿ ಎಣಿಸಿದ್ದು 17 ಲಕ್ಷಕ್ಕೂ ಮೇಲೆ.

ಈ ವ್ಯವಸ್ಥೆಯಲ್ಲಿ ಮಳೆನೀರಿಗೊಂದು ದಾರಿ, ಕೊಳಚೆಗೊಂದು ದಾರಿ. ಮಳೆನೀರು ಕೂವಂ, ಅಡಯಾರ್ ನದಿಗಳು ಮತ್ತು ಬಕಿಂಗ್‌ಹ್ಯಾಮ್ ಕಾಲುವೆಯ ಮೂಲಕ ಸಮುದ್ರ ಸೇರಬೇಕು. ಕೊಳಚೆ ಪಂಪಿಂಗ್ ಸ್ಟೇಷನ್ನಿಗೆ ಹೋಗಬೇಕು. ಆದರೆ ತುಂಬಿ ಉಕ್ಕಿದ ಕೊಳಚೆ ಮಳೆಚರಂಡಿ ಸೇರಿ ನದಿಗೆ ಹೋಗುತ್ತದೆ. ಮಳೆಗಾಲದಲ್ಲಿ ಮಳೆನೀರು ಕೊಳಚೆಯ ಕೊಳವೆಗೆ ನುಗ್ಗುತ್ತದೆ. ಕಟ್ಟಿಕೊಂಡಾಗ ಮ್ಯಾನ್‌ಹೋಲಿನ ಮುಚ್ಚಳ ತೆಗೆದು ಒಬ್ಬನನ್ನು ಕರೆಯುತ್ತಾರೆ.

ಆ ಒಬ್ಬ ಯಾರೆಂಬುದನ್ನು ನೆಲವಾಗಲಿ ಲೆಕ್ಕವಾಗಲಿ ತೀರ್ಮಾನಿಸಿದ್ದಲ್ಲ. ಅದನ್ನು ಜಾತಿ ಮೊದಲೇ ತೀರ್ಮಾನಿಸಿತ್ತು. ಬಕೇಟಿನಲ್ಲಿ ಮಲ ಹೊತ್ತವರ ಮಕ್ಕಳೇ ಕೊಳವೆಗೂ ಇಳಿದರು. ಕೋಲಾರದ ಚಿನ್ನದ ಗಣಿ ಊರಿನಲ್ಲಿ ಅಂಥ ಮನೆಯಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ಸುಪ್ರೀಂ ಕೋರ್ಟಿನವರೆಗೆ ಹೋರಾಡಿತು. ಮದ್ರಾಸ್ ಹೈಕೋರ್ಟು 2008ರಲ್ಲೇ ಚರಂಡಿಗೆ ಮನುಷ್ಯರನ್ನು ಇಳಿಸುವುದಕ್ಕೆ ತಡೆ ಒಡ್ಡಿತ್ತು. 2013ರಲ್ಲಿ ಹೊಸ ಕಾಯಿದೆ ಬಂತು. 2014ರಲ್ಲಿ ಸುಪ್ರೀಂ ಕೋರ್ಟು, 1993ರಿಂದೀಚೆಗೆ ಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರಲ್ಲಿ ಈ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತೆಂದರೆ ಸಾವು ನಿಂತಿರಲಿಲ್ಲ ಎಂದೇ ಅರ್ಥ.

ಅದೇ 2023ರ ಕೇಂದ್ರ ಬಜೆಟ್ಟಿನಲ್ಲಿ ‘ಮ್ಯಾನ್‌ಹೋಲ್’ ಇನ್ನು ‘ಮೆಷಿನ್‌ಹೋಲ್’ ಆಗಲಿ ಎಂದರು. ಹೆಸರು ಬದಲಾಯಿಸಲು ಒಂದು ಭಾಷಣ ಸಾಕು. ಕೆಲಸ ಬದಲಾಗಬೇಕಾದರೆ ಓಣಿಯ ಅಗಲಕ್ಕೆ ಹೊಂದುವ ಯಂತ್ರ ಬೇಕು, ಈಗಿನ ಜನಸಂಖ್ಯೆಗೆ ತಕ್ಕ ಕೊಳವೆ ಬೇಕು, ಇಷ್ಟು ದಿನ ಇಳಿದವರಿಗೆ ಬೇರೆ ದುಡಿಮೆ ಬೇಕು.