ಅಣುಸ್ಥಾವರದ ಸುರಕ್ಷತೆಯಲ್ಲಿ ಅನಿಲ ಮಿಶ್ರಣ: ಗಣಕದ ಲೆಕ್ಕವನ್ನು ಒರೆಗೆ ಹಚ್ಚುವ ಬಗೆ

ಸಾರಾಂಶ: ಅಪಘಾತದ ವೇಳೆ ಅಣುಸ್ಥಾವರದ ಕವಚ ಕಟ್ಟಡದೊಳಗೆ ಹೈಡ್ರೋಜನ್ ಹೇಗೆ ಹರಡುತ್ತದೆ ಎಂಬುದನ್ನು ಇಂದು ಗಣಕ ಸಿಮ್ಯುಲೇಶನ್‌ಗಳಿಂದ ಅಂದಾಜಿಸಲಾಗುತ್ತಿದೆ. ಇಂಥ ಲೆಕ್ಕಕ್ಕೆ ಪ್ರಯೋಗದ ಆಧಾರ ಬೇಕು. ಆ ಆಧಾರ ಯಾವ ಮಿತಿಯವರೆಗೆ ಸಲ್ಲುತ್ತದೆ ಎಂಬುದೂ ಸ್ಪಷ್ಟವಿರಬೇಕು. ಕೈಗಾ ಸ್ಥಾವರ ಮತ್ತು ಭದ್ರಾವತಿಯ ಊದುಕುಲುಮೆ ಅನಿಲಗಳ ಹಿನ್ನೆಲೆಯಲ್ಲಿ ಈ ಲೇಖನ ಅದನ್ನು ಪರಿಶೀಲಿಸುತ್ತದೆ.

1. ಪೀಠಿಕೆ

ಕಾಳಿ ನದಿಯ ದಡದ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಭಾರಜಲ ಘಟಕಗಳಿವೆ. ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳಿಗೆ 2017ರಲ್ಲಿ ಕೇಂದ್ರ ಸರ್ಕಾರದ ಒಪ್ಪಿಗೆ ದೊರೆಯಿತು. ಇಂಥ ಸ್ಥಾವರಗಳಲ್ಲಿ ಇಂಧನವನ್ನು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ ತುಂಬಿರುತ್ತಾರೆ. ತಂಪು ತಪ್ಪಿ ಕೊಳವೆಯ ಉಷ್ಣತೆ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಮೀರಿದರೆ ಜಿರ್ಕೋನಿಯಂ ಹಬೆಯೊಡನೆ ತೀವ್ರವಾಗಿ ವರ್ತಿಸಿ ಹೈಡ್ರೋಜನ್ ಬಿಡುತ್ತದೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್‌ನಲ್ಲಿ ಇದೇ ಅನಿಲ ಕವಚದೊಳಗೆ ಹೊತ್ತಿಕೊಂಡಿತು. 2011ರ ಮಾರ್ಚ್‌ನಲ್ಲಿ ಫುಕುಶಿಮಾದ 1, 3 ಮತ್ತು 4ನೇ ಘಟಕಗಳ ಕಟ್ಟಡಗಳು ಸ್ಫೋಟಿಸಿದವು. ನಾಲ್ಕನೆಯದರ ರಿಯಾಕ್ಟರ್‌ನಲ್ಲಿ ಆಗ ಇಂಧನವೇ ಇರಲಿಲ್ಲ. ಮೂರನೇ ಘಟಕದ ಹೈಡ್ರೋಜನ್ ಎರಡಕ್ಕೂ ಸೇರಿದ ನಿಷ್ಕಾಸ ಕೊಳವೆಯ ಮೂಲಕ ಅಲ್ಲಿಗೆ ಬಂದಿತ್ತು. ಎಷ್ಟು ಅನಿಲ ಹುಟ್ಟಿತು ಎಂಬುದರಷ್ಟೇ ಅದು ಎಲ್ಲಿಗೆ ಹೋಗಿ ನಿಂತಿತು ಎಂಬುದೂ ಮುಖ್ಯವೆಂದು ಈ ಘಟನೆ ತೋರಿಸಿತು.

2. ಸರಾಸರಿ ಸಾಲದು

ಗಾಳಿಯಲ್ಲಿ ಹೈಡ್ರೋಜನ್ ಗಾತ್ರದ ಲೆಕ್ಕದಲ್ಲಿ ಶೇ. 4ರಷ್ಟಾದರೆ ಉರಿಯಬಲ್ಲದು. ಇಡೀ ಕಟ್ಟಡದ ಸರಾಸರಿ ಶೇ. 3 ಇದ್ದರೆ ಅಪಾಯವಿಲ್ಲವೆಂದು ತೋರುತ್ತದೆ. ಆದರೆ ಆ ಅನಿಲವೆಲ್ಲ ಮೇಲಿನ ಕಾಲುಭಾಗದಲ್ಲಿ ಪದರಗಟ್ಟಿದರೆ ಅಲ್ಲಿ ಅದು ಶೇ. 12 ಆಗಿರುತ್ತದೆ. ಹಬೆಯ ಪಾತ್ರವೂ ಇದೆ. ಹಬೆ ದಟ್ಟವಾಗಿರುವವರೆಗೆ ಮಿಶ್ರಣ ಉರಿಯದು. ತಣ್ಣನೆಯ ಗೋಡೆಗಳ ಮೇಲೆ ಹಬೆ ನೀರಾಗುತ್ತಿದ್ದಂತೆ ಹೈಡ್ರೋಜನ್ನಿನ ಪಾಲು ಏರುತ್ತದೆ. ಹೈಡ್ರೋಜನ್ನನ್ನು ವೇಗವರ್ಧಕದ ನೆರವಿನಿಂದ ನೀರಾಗಿಸುವ, ವಿದ್ಯುತ್ ಬೇಡದ ಮರುಸಂಯೋಜಕಗಳನ್ನು ಎಲ್ಲಿ ಅಳವಡಿಸಬೇಕೆಂಬ ನಿರ್ಧಾರಕ್ಕೆ ಈ ಪದರಗಳ ನೆಲೆ ತಿಳಿದಿರಬೇಕು.

3. ಲೆಕ್ಕ ಮತ್ತು ಪ್ರಯೋಗ

ಗಣಕವು ಕಟ್ಟಡದ ಒಳಜಾಗವನ್ನು ಲಕ್ಷಗಟ್ಟಲೆ ಕೋಶಗಳಾಗಿ ಒಡೆದು, ಪ್ರತಿಯೊಂದರಲ್ಲೂ ರಾಶಿ, ಚಲನೆ ಮತ್ತು ಶಾಖದ ಸಮೀಕರಣಗಳನ್ನು ಬಿಡಿಸುತ್ತದೆ. ಇಲ್ಲಿ ಪರೀಕ್ಷೆಗಳು ಎರಡು. ಸಮೀಕರಣಗಳನ್ನು ತಪ್ಪಿಲ್ಲದೆ ಬಿಡಿಸಿದೆಯೇ ಎಂಬುದು ಮೊದಲನೆಯದು. ಕೋಶಗಳನ್ನು ಇನ್ನೂ ಕಿರಿದಾಗಿಸಿ ಉತ್ತರ ಬದಲಾಗುತ್ತದೆಯೇ ಎಂದು ನೋಡಿ ಇದನ್ನು ಅರಿಯಬಹುದು. ಆರಿಸಿಕೊಂಡ ಸಮೀಕರಣಗಳು ನಿಜವಾದ ಹರಿವಿಗೆ ಹೊಂದುತ್ತವೆಯೇ ಎಂಬುದು ಎರಡನೆಯದು. ಅದಕ್ಕೆ ಪ್ರಯೋಗವೊಂದೇ ಉತ್ತರ ಹೇಳಬಲ್ಲದು.

ಸ್ಫೋಟದ ಭಯವಿಲ್ಲದಂತೆ ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಹೈಡ್ರೋಜನ್ ಬದಲು ಹೀಲಿಯಂ ಬಳಸುತ್ತಾರೆ. ಫ್ರಾನ್ಸಿನ 7 ಘನ ಮೀಟರ್‌ನ ಟೊಸ್ಕಾನ್ ಹಾಗೂ 100 ಘನ ಮೀಟರ್‌ನ ಮಿಸ್ತ್ರಾ, ಜರ್ಮನಿಯ 60 ಘನ ಮೀಟರ್‌ನ ಥಾಯ್ ಪಾತ್ರೆಗಳು ಈ ಕೆಲಸಕ್ಕೆ ಹೆಸರಾದವು. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯ ಪಾಂಡಾ ಸೌಕರ್ಯದಲ್ಲಿ ಮೇಲೆ ನಿಂತ ಹೀಲಿಯಂ ಪದರವನ್ನು ಕೆಳಗಿನಿಂದ ಏರುವ ಅನಿಲಧಾರೆ ಎಷ್ಟು ಹೊತ್ತಿನಲ್ಲಿ ಸವೆಸುತ್ತದೆ ಎಂದು ಅಳೆದರು. ಅಳತೆಗಳನ್ನು ಬಚ್ಚಿಟ್ಟು, ನಾನಾ ದೇಶಗಳ ತಂಡಗಳಿಂದ ಮುಂಗಡವಾಗಿ ಲೆಕ್ಕ ತರಿಸಿಕೊಂಡರು. 2014ರಲ್ಲಿ ಜ್ಯೂರಿಕ್‌ನಲ್ಲಿ ಹೋಲಿಸಿ ನೋಡಿದಾಗ ಉತ್ತರಗಳ ನಡುವೆ ದೊಡ್ಡ ಅಂತರವಿತ್ತು. ಉತ್ತರ ಮೊದಲೇ ತಿಳಿದಿದ್ದರೆ ಮಾದರಿಯನ್ನು ಅದಕ್ಕೆ ಹೊಂದಿಸಿಬಿಡುವ ಸಂಭವವಿರುತ್ತದೆ. ಆದ್ದರಿಂದಲೇ ಕುರುಡು ಪರೀಕ್ಷೆಗೆ ಇಷ್ಟು ಬೆಲೆ.

4. ಭದ್ರಾವತಿಯ ಅನಿಲ, ಬೇರೆ ಭೌತಶಾಸ್ತ್ರ

ಪ್ರಯೋಗದ ಆಧಾರ ಯಾವ ಮಿತಿಯವರೆಗೆ ಸಲ್ಲುತ್ತದೆ ಎಂಬುದನ್ನು ಅರಿಯಲು, ಮೈಸೂರು ಕಬ್ಬಿಣದ ಕಾರ್ಖಾನೆಯಾಗಿ ಹುಟ್ಟಿದ ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯಂಥ ಕಡೆಯ ಊದುಕುಲುಮೆ ಅನಿಲವನ್ನು ಹೋಲಿಸಿ ನೋಡಬಹುದು. ಊದುಕುಲುಮೆಯ ಅನಿಲದಲ್ಲಿ ಕಾಲುಭಾಗದಷ್ಟು ಇಂಗಾಲದ ಮಾನಾಕ್ಸೈಡ್ ಇರಬಹುದು. ಉಳಿದದ್ದು ಬಹುಪಾಲು ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡ್. ಗಾಳಿಯ ಸರಾಸರಿ ಅಣುತೂಕ 29, ಮಾನಾಕ್ಸೈಡಿನದು 28, ಹೈಡ್ರೋಜನ್ನಿನದು 2. ತಣಿದ ಕುಲುಮೆ ಅನಿಲ ತೂಕದಲ್ಲಿ ಹೆಚ್ಚುಕಡಿಮೆ ಗಾಳಿಗೆ ಸಮ. ಅದು ಸೋರಿದರೆ ಗಾಳಿ ಬೀಸಿದತ್ತ ಸಾಗುತ್ತದೆ; ಹೈಡ್ರೋಜನ್ನಿನಂತೆ ಸೂರಿಗೇರಿ ಪದರಗಟ್ಟುವುದಿಲ್ಲ. ಹಾಗಾಗಿ ಕುಲುಮೆ ಅನಿಲದ ಸೋರಿಕೆಗೆ ಸರಿಹೊಂದಿದ ಮಾದರಿ ಅಣುಕವಚದ ಹೈಡ್ರೋಜನ್ನಿಗೂ ಸರಿಯೆಂದು ಹೇಳಲಾಗದು. ತೇಲುವ ಬಲಕ್ಕೂ ಧಾರೆಯ ವೇಗಕ್ಕೂ ಇರುವ ಅನುಪಾತ ಎರಡೂ ಕಡೆ ಒಂದೇ ವ್ಯಾಪ್ತಿಯಲ್ಲಿದೆಯೇ ಎಂದು ಮೊದಲು ನೋಡಬೇಕು.

5. ಉಪಸಂಹಾರ

ಪ್ರಯೋಗದೊಡನೆ ಒಮ್ಮೆ ಹೊಂದಿದ ಸಿಮ್ಯುಲೇಶನ್ನಿನ ಬಣ್ಣದ ಚಿತ್ರವನ್ನು ಪುರಾವೆಯೆಂದು ಒಪ್ಪಬಾರದು. ಅಳತೆಯ ಅನಿಶ್ಚಿತತೆ, ಲೆಕ್ಕದ ಅನಿಶ್ಚಿತತೆ, ಮಾದರಿ ಸಲ್ಲುವ ವ್ಯಾಪ್ತಿ ಈ ಮೂರನ್ನೂ ಹೇಳದ ಫಲಿತಾಂಶ ಸುರಕ್ಷತೆಯ ತೀರ್ಮಾನಕ್ಕೆ ಯೋಗ್ಯವಲ್ಲ. ಇದಕ್ಕೆ ನೆರವಾಗುವ ಕೆಲಸ ದೊಡ್ಡ ಪ್ರಯೋಗಾಲಯಗಳಿಗೇ ಮೀಸಲಲ್ಲ. 1980ರಲ್ಲಿ ಆರಂಭವಾದ ಶಿವಮೊಗ್ಗದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಇಂಜಿನಿಯರಿಂಗ್ ಕಾಲೇಜು ಮತ್ತು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಪಾರದರ್ಶಕ ಪೆಟ್ಟಿಗೆಯೊಂದರಲ್ಲಿ ಹೀಲಿಯಂ ಪದರದ ಸವೆತವನ್ನು ಅಳೆದು, ದೋಷದ ಮಿತಿಗಳೊಡನೆ ಆ ಅಳತೆಗಳನ್ನು ಎಲ್ಲರಿಗೂ ತೆರೆದಿಡಬಹುದು. ನಮ್ಮ ರಾಜ್ಯದಲ್ಲೇ ಅಣುಸ್ಥಾವರ ವಿಸ್ತರಿಸುತ್ತಿರುವಾಗ ಅದರ ಸುರಕ್ಷತೆಯ ಲೆಕ್ಕವನ್ನು ಪ್ರಶ್ನಿಸಿ ಪರೀಕ್ಷಿಸಬಲ್ಲ ತಜ್ಞರು ನಮ್ಮ ಕಾಲೇಜುಗಳಲ್ಲೇ ಸಿದ್ಧರಾಗಬೇಕು. ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕೆಲಸಕ್ಕೆ ಮುಂದಾಗಬೇಕು.