ವೈಮಾನಿಕನ ವೇಷ

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆ ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಉಣ್ಣುವುದು ನಮ್ಮ ನಾಲಗೆಯ ಹಿತಕ್ಕೆ, ಉಡುವುದು ನೋಡುವವರ ಕಣ್ಣಿನ ಹಿತಕ್ಕೆ ಎಂಬುದು ಅದರ ಇಂಗಿತ. ಈ ಗಾದೆಗೆ ವಿಮಾನ ಚಾಲಕನಷ್ಟು ಒಪ್ಪುವ ಉದಾಹರಣೆ ಬೇರೊಂದಿಲ್ಲವೆಂದು ನನಗೆ ತೋರುತ್ತದೆ. ಭುಜದ ಮೇಲೆ ನಾಲ್ಕು ಹೊಂಬಣ್ಣದ ಪಟ್ಟಿ, ಎದೆಯ ಮೇಲೆ ರೆಕ್ಕೆಯ ಬಿಲ್ಲೆ, ಕಪ್ಪು ಕನ್ನಡಕ, ಅವಸರವಿಲ್ಲದ ನಡಿಗೆ: ಈ ಚಿತ್ರ ಎಂದೂ ವಿಮಾನ ಹತ್ತದವರ ಮನಸ್ಸಿನಲ್ಲಿಯೂ ಅಚ್ಚೊತ್ತಿದಂತೆ ನಿಂತಿದೆ. ರಾಯಚೂರು ತಾಲ್ಲೂಕಿನ ನನ್ನ ಊರಾದ ಚಂದ್ರಬಂಡದಲ್ಲಿ ವಿಮಾನವೆಂದರೆ ಮುಗಿಲಿನಲ್ಲಿ ಎಳೆದ ಬಿಳಿಯ ಗೆರೆ, ಅಷ್ಟೆ. ಆದರೂ ಅಲ್ಲಿಯ ಹುಡುಗನೊಬ್ಬನಿಗೆ ಪೈಲಟನ ವೇಷ ಹಾಕೆಂದರೆ ಸಾಕು, ಯಾರನ್ನೂ ಕೇಳದೆ ಕರಿಯ ಕನ್ನಡಕ ಹುಡುಕಲು ಹೊರಡುತ್ತಾನೆ. ಈ ವೇಷ ಎಲ್ಲಿಂದ ಬಂತು, ಯಾರಿಗಾಗಿ ಬಂತು, ಅದರಿಂದಾದ ಒಳಿತೇನು, ಕೆಡುಕೇನು ಎಂಬುದನ್ನು ಇಂದು ಸ್ವಲ್ಪ ವಿಚಾರ ಮಾಡೋಣ.

ಮೊದಲ ವೈಮಾನಿಕರಿಗೆ ಅಲಂಕಾರದ ಗೊಡವೆ ಇರಲಿಲ್ಲ; ಅವರಿಗಿದ್ದದ್ದು ಚಳಿಯ ಗೊಡವೆ. ಮೇಲೆ ಮುಚ್ಚಳವಿಲ್ಲದ ವಿಮಾನದಲ್ಲಿ ಮೈಗೆ ಬಡಿಯುವ ಗಾಳಿಯನ್ನು ತಡೆಯಲು ಚರ್ಮದ ಕೋಟು, ಕಿವಿ ಮುಚ್ಚುವ ಚರ್ಮದ ಕುಲಾವಿ, ಕಣ್ಣಿಗೆ ದಪ್ಪ ಗಾಜಿನ ಕವಚ ಅವರಿಗೆ ಬೇಕೇಬೇಕಾಗಿದ್ದವು. ಕೊರಳಿನ ರೇಷ್ಮೆಯ ವಸ್ತ್ರವೂ ಶೋಕಿಗಾಗಿ ಬಂದುದಲ್ಲ. ಶತ್ರುವಿಮಾನ ಯಾವ ದಿಕ್ಕಿನಿಂದ ಬಂದೀತೆಂದು ಗಳಿಗೆಗೊಮ್ಮೆ ಕತ್ತು ಹೊರಳಿಸುತ್ತಿದ್ದವನ ಚರ್ಮ ಒರಟು ಕಾಲರಿಗೆ ಉಜ್ಜಿ ಹುಣ್ಣಾಗದಿರಲಿ ಎಂದು ಅದು ಬಂತು. ಇನ್ನೊಂದು ಕಾರಣವನ್ನು ಕೇಳಿದರೆ ನಮ್ಮ ಸೀಮೆಯ ರೈತರು ನಕ್ಕಾರು. ಮೊದಲನೆಯ ಮಹಾಯುದ್ಧದ ಅನೇಕ ವಿಮಾನಗಳ ಎಂಜಿನ್ನುಗಳಿಗೆ ಕೀಲೆಣ್ಣೆಯಾಗಿ ಹಾಕುತ್ತಿದ್ದುದು ಔಡಲ ಎಣ್ಣೆ. ಎಂಜಿನ್ನು ಗರಗರನೆ ಸುತ್ತುವಾಗ ಆ ಎಣ್ಣೆ ಹಿಂದೆ ಕುಳಿತವನ ಮುಖಕ್ಕೆ ಸಿಡಿಯುತ್ತಿತ್ತು. ಗಾಜನ್ನು ಒರೆಸಿಕೊಳ್ಳಲು ಕೊರಳಿನ ವಸ್ತ್ರ ಕೈಗೆ ಸಿಗುತ್ತಿತ್ತು. ಹೈದರಾಬಾದ್ ಸಂಸ್ಥಾನ ಔಡಲದ ಬೆಳೆಗೆ ಹೆಸರಾದದ್ದು. ನಮ್ಮ ಹೊಲದ ಎಣ್ಣೆಗೂ ಆ ಶೂರರ ರೇಷ್ಮೆಗೂ ಹೀಗೊಂದು ನಂಟು.

ವೇಷವೆಂಬುದು ಮೊದಲು ಅಗತ್ಯವಾಗಿ ಹುಟ್ಟಿ, ಅಗತ್ಯ ಹೋದ ಮೇಲೂ ಗತ್ತಾಗಿ ಉಳಿಯುತ್ತದೆ. ಕಪ್ಪು ಕನ್ನಡಕದ ಕಥೆಯೂ ಇದೇ. ಮೋಡದ ಮೇಲಿನ ಬಿಸಿಲಿನ ಝಳಕ್ಕೆ ವೈಮಾನಿಕರ ಕಣ್ಣು ದಣಿಯದಿರಲೆಂದು ರೂಪಿಸಿದ ಕನ್ನಡಕವನ್ನು 1937ರಲ್ಲಿ ಬಾಷ್ ಅಂಡ್ ಲೋಂಬ್ ಎಂಬ ಅಮೆರಿಕದ ಕಂಪನಿ ರೇ-ಬ್ಯಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇಂದು ಅದನ್ನು ಧರಿಸುವವರಲ್ಲಿ ವಿಮಾನ ನಡೆಸಬಲ್ಲವರು ಎಷ್ಟು ಮಂದಿ!

ಭಾರತದ ನಾಗರಿಕ ವಿಮಾನಯಾನ ನಮ್ಮ ನೆರೆಯ ಬಳ್ಳಾರಿಯನ್ನು ಮುಟ್ಟಿಯೇ ಆರಂಭವಾಯಿತೆಂಬುದನ್ನು ಇಲ್ಲಿ ನೆನೆಯಬೇಕು. ಮುಂಬಯಿ ಮತ್ತು ಮದರಾಸಿನ ಕಡೆಯ ರೈಲುದಾರಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ಆ ಎರಡು ನಗರಗಳ ನಡುವಿನ ಅಂಚೆ ನಮ್ಮೂರ ಪಕ್ಕದಲ್ಲಿಯೇ ಹಾಯುತ್ತಿತ್ತು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಅಂಚೆ ತಂದರು. ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಆ ವಿಮಾನಗಳು ಹೊತ್ತದ್ದು ಕಾಗದಗಳನ್ನು. ಕಾಗದಗಳಿಗೆ ಭಯವಿಲ್ಲ, ತಮ್ಮನ್ನು ಒಯ್ಯುವವನು ಹೇಗಿದ್ದಾನೆಂದು ಅವು ತಲೆಯೆತ್ತಿ ನೋಡುವುದಿಲ್ಲ. ಮನುಷ್ಯರು ನೋಡುತ್ತಾರೆ.

ವೇಷದ ನಿಜವಾದ ಇತಿಹಾಸ ಮೊದಲಾಗುವುದು ಪ್ರಯಾಣಿಕ ವಿಮಾನದ ಮೆಟ್ಟಿಲು ಹತ್ತಿದಾಗ. ಚರ್ಮದ ಕೋಟಿನ ಸಾಹಸಿಯನ್ನು ಜನ ಮೆಚ್ಚಬಹುದು. ಆದರೆ ತಮ್ಮ ಹೆಂಡತಿ ಮಕ್ಕಳನ್ನು ಅವನ ಕೈಗೆ ಒಪ್ಪಿಸಲು ಹಿಂಜರಿಯುತ್ತಾರೆ. ಅಮೆರಿಕದ ಪ್ಯಾನ್ ಅಮೆರಿಕನ್ ಕಂಪನಿ ಈ ಮನೋಧರ್ಮವನ್ನು ಚೆನ್ನಾಗಿ ಅರಿಯಿತು. ಕಡಲು ದಾಟಲು ಹಡಗನ್ನೇ ನಂಬಿದ್ದ ಜನರಿಗೆ ಧೈರ್ಯ ತುಂಬಬೇಕಾಗಿತ್ತು. 1930ರ ದಶಕದಲ್ಲಿ ಅದು ತನ್ನ ಚಾಲಕರಿಗೆ ನೌಕಾಧಿಕಾರಿಗಳ ಕಡುನೀಲಿಯ ಕೋಟು ತೊಡಿಸಿತು, ಬಿಳಿಯ ಟೋಪಿ ಇಡಿಸಿತು, ತೋಳಿಗೆ ಪಟ್ಟಿ ಹೊಲಿಸಿತು. ಹಡಗಿನ 'ಕ್ಯಾಪ್ಟನ್' ಎಂಬ ಬಿರುದೇ ವಿಮಾನದ ನಾಯಕನಿಗೂ ಬಂತು. ಇಂದು ಜಗತ್ತಿನ ಬಹುಪಾಲು ವಿಮಾನ ಚಾಲಕರು ಉಡುವುದು ಈ ಎರವಲು ಉಡುಪನ್ನೇ. ನಾಲ್ಕು ಪಟ್ಟಿಯವನು ನಾಯಕ, ಮೂರು ಪಟ್ಟಿಯವನು ಸಹಚಾಲಕ.

ಆದರೆ ನಂಬಿಕೆಗಾಗಿ ಹೊಲಿದ ಅಂಗಿ ಕೆಲವರ ಮೈಗೆ ಮಾತ್ರ ಒಪ್ಪುವಂತೆ ಹೊಲಿದದ್ದಾಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುದಳ ಸೇರಿದ ಹರ್‌ದಿತ್ ಸಿಂಗ್ ಮಲಿಕ್ ತಮ್ಮ ಪೇಟವನ್ನು ಬಿಡಲೊಪ್ಪದೆ, ಅದರ ಮೇಲೆ ಕೂರುವಷ್ಟು ದೊಡ್ಡ ಕುಲಾವಿಯನ್ನು ಬೇರೆಯಾಗಿ ಮಾಡಿಸಿಕೊಂಡರು. 1936ರಲ್ಲಿ ಲಾಹೋರಿನ ಸರಳಾ ಠಕ್ರಾಲ್ ಸೀರೆಯುಟ್ಟೇ ವಿಮಾನ ಹಾರಿಸಿದರು. ಇವರ ನೋಟ ಬೇರೆ. ಕೈಯ ಹದ ಬೇರೆಯಲ್ಲ.

ಇದೇ ಮಾತು ನಮ್ಮ ಸಂಸ್ಥಾನದಲ್ಲಿಯೂ ಪರೀಕ್ಷೆಗೆ ಬಂತು. ರಾಯಚೂರು ಆಗ ಹೈದರಾಬಾದಿನ ನಿಜಾಮರ ಜಿಲ್ಲೆ. ಆ ಸರಕಾರವೂ ಟಾಟಾ ಸಂಸ್ಥೆಯೂ ಕೂಡಿ 1945ರಲ್ಲಿ ಡೆಕ್ಕನ್ ಏರ್‌ವೇಸ್ ಕಂಪನಿಯನ್ನು ಸ್ಥಾಪಿಸಿದವು. ಅಲಹಾಬಾದಿನಲ್ಲಿ ಹಾರಾಟ ಕಲಿತು 1947ರಲ್ಲಿ ಪರವಾನಗಿ ಪಡೆದ ಪ್ರೇಮ್ ಮಾಥುರ್ ಅವರಿಗೆ ಹಲವು ಕಂಪನಿಗಳು ಬಾಗಿಲು ಹಾಕಿದವು. ಹೆಂಗಸು ವಿಮಾನ ನಡೆಸುತ್ತಾಳೆಂದು ತಿಳಿದರೆ ಪ್ರಯಾಣಿಕರು ಹೆದರುತ್ತಾರೆ ಎಂಬುದು ಅವು ಮುಂದಿಟ್ಟ ಕಾರಣ. ಕೆಲಸ ಕೊಟ್ಟದ್ದು ಡೆಕ್ಕನ್ ಏರ್‌ವೇಸ್. ಅವರು 1949ರಲ್ಲಿ ರಾಷ್ಟ್ರೀಯ ವಿಮಾನ ಸ್ಪರ್ಧೆಯನ್ನೂ ಗೆದ್ದರು. ಆದರೂ ಸಹಚಾಲಕಿಯ ಆಸನ ಸಿಕ್ಕಿತೇ ಹೊರತು ನಾಯಕಿಯ ಆಸನ ಆ ಕಂಪನಿಯಲ್ಲಿ ಅವರಿಗೆ ಸಿಗಲಿಲ್ಲ. 'ನೋಟ ಪರರಿಚ್ಛೆ' ಎಂಬ ಗಾದೆಯ ಕಠೋರ ಮುಖ ಇದು.

ನೋಟದಂತೆಯೇ ಧ್ವನಿಗೂ ಒಂದು ವೇಷವುಂಟು. ಬಾನುಲಿಯಲ್ಲಿ ಮಾತನಾಡುವವನಿಗೆ ಇದು ಬೇಗ ಹೊಳೆಯುತ್ತದೆ. ವಿಮಾನ ಕುಲುಕಾಡುವಾಗ ಧ್ವನಿವರ್ಧಕದಲ್ಲಿ ಕೇಳಿಬರುವ ನಾಯಕನ ನಿಧಾನವಾದ, ತುಸು ಸೋಮಾರಿಯೆನಿಸುವ ದನಿಯನ್ನು ಕುರಿತು ಅಮೆರಿಕದ ಲೇಖಕ ಟಾಮ್ ವುಲ್ಫ್ 1979ರ ತನ್ನ 'ದಿ ರೈಟ್ ಸ್ಟಫ್' ಪುಸ್ತಕದಲ್ಲಿ ವಿನೋದವಾಗಿ ಬರೆದಿದ್ದಾನೆ. 1947ರಲ್ಲಿ ಶಬ್ದದ ವೇಗವನ್ನು ಮೀರಿ ಹಾರಿದ ಚಕ್ ಯೇಗರ್‌ನ ಹಳ್ಳಿಗಾಡಿನ ರಾಗವನ್ನು ಇತರರು ಅನುಕರಿಸಿದ್ದರಿಂದ ಅದು ಬಂತೆಂದು ಅವನ ಅಭಿಪ್ರಾಯ. ಆ ದನಿ ನೂರಾರು ಎದೆಗಳ ಬಡಿತವನ್ನು ತಣಿಸುತ್ತದೆ. ಅದನ್ನು ಬೂಟಾಟಿಕೆಯೆಂದು ನಾನು ಹಳಿಯಲಾರೆ.

ಅಪಾಯವಿರುವುದು ಬೇರೆ ಕಡೆ. ಪ್ರಯಾಣಿಕರ ಕಣ್ಣಿಗಾಗಿ ತೊಟ್ಟ ವೇಷವನ್ನು ಚಾಲಕರ ಕೋಣೆಯ ಬಾಗಿಲು ಮುಚ್ಚಿದ ಮೇಲೂ ಕಳಚದಿದ್ದರೆ ಏನಾಗುತ್ತದೆ? 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಮಂಜಿನಲ್ಲಿ ಎರಡು ಜಂಬೋ ವಿಮಾನಗಳು ಓಡುದಾರಿಯ ಮೇಲೆಯೇ ಡಿಕ್ಕಿ ಹೊಡೆದು 583 ಜನ ಸತ್ತರು. ಅಪ್ಪಣೆಗೆ ಕಾಯದೆ ವಿಮಾನವನ್ನು ಓಡಿಸಿದ ನಾಯಕ ಜೇಕಬ್ ವಾನ್ ಜಾಂಟೆನ್ ತನ್ನ ಡಚ್ ಕಂಪನಿಯ ಜಾಹೀರಾತುಗಳಲ್ಲಿ ಮುಖ ತೋರಿಸಿದ್ದವನು, ಇತರ ಚಾಲಕರಿಗೆ ತರಬೇತಿ ಕೊಡುತ್ತಿದ್ದ ಹಿರಿಯ. ಇನ್ನೊಂದು ವಿಮಾನ ದಾರಿಯಿಂದ ಸರಿದಿದೆಯೇ ಎಂದು ಹಿಂದಿನ ಆಸನದ ಎಂಜಿನಿಯರ್ ಕೇಳಿದ್ದ. ಸರಿದಿದೆ ಎಂದು ನಾಯಕ ಖಚಿತವಾಗಿ ನುಡಿದ. ಅಂಥ ಹಿರಿಯನನ್ನು ಮತ್ತೊಮ್ಮೆ ಕೇಳುವವರು ಯಾರು?

ನಮ್ಮ ನಾಡಿಗೂ ಈ ದುಃಖ ದೂರದ್ದಲ್ಲ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದಂಚಿನ ಓಡುದಾರಿಯನ್ನು ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ ಉಳಿದವರು 8 ಮಂದಿ. ನಾಯಕ ಪ್ರಯಾಣದ ಬಹುಭಾಗ ನಿದ್ರಿಸಿದ್ದನೆಂದೂ, ಇಳಿಯುವಾಗ ವಿಮಾನ ಬಹಳ ಎತ್ತರದಲ್ಲಿತ್ತೆಂದೂ, ಮತ್ತೆ ಮೇಲೇರಿ ಸುತ್ತಿ ಬರೋಣವೆಂದು ಸಹಚಾಲಕ ಮೂರು ಸಲ ಎಚ್ಚರಿಸಿದನೆಂದೂ ತನಿಖೆಯ ವರದಿ ಹೇಳುತ್ತದೆ. ಆ ಸಹಚಾಲಕ ಬಜ್ಪೆಯನ್ನು ನಾಯಕನಿಗಿಂತ ಹೆಚ್ಚು ಬಾರಿ ಕಂಡವನು. ಅರಿವು ಮೂರು ಪಟ್ಟಿಯ ಭುಜದ ಮೇಲಿತ್ತು. ಅಧಿಕಾರ ನಾಲ್ಕು ಪಟ್ಟಿಯ ಭುಜದ ಮೇಲಿತ್ತು.

ಈ ಕೆಡುಕಿಗೆ ಮದ್ದು ಕಂಡುಹಿಡಿಯದೆ ಇಲ್ಲ. ಟೆನೆರಿಫಿನಂಥ ಅಪಘಾತಗಳಿಂದ ಪಾಠ ಕಲಿತು 1979ರಲ್ಲಿ ಅಮೆರಿಕದ ನಾಸಾ ಸಂಸ್ಥೆ ತಜ್ಞರ ಸಭೆ ಕರೆಯಿತು. ಕಿರಿಯನು ಅಂಜದೆ ಹೇಳುವುದು, ಹಿರಿಯನು ಮುನಿಯದೆ ಕೇಳುವುದು ಇವೆರಡನ್ನೂ ವಿದ್ಯೆಯಾಗಿಯೇ ಕಲಿಸುವ ಪದ್ಧತಿ ಅದರಿಂದ ಬೆಳೆಯಿತು. ಬಜ್ಪೆಯ ದುರಂತ ಆ ಪದ್ಧತಿ ಜಾರಿಗೆ ಬಂದ ಎಷ್ಟೋ ವರ್ಷಗಳ ಮೇಲೆ ಆದದ್ದು; ಕಲಿಸಿದ ಮಾತ್ರಕ್ಕೆ ವಿದ್ಯೆ ಕೂಡಿಬರುವುದಿಲ್ಲವೆಂದು ಇದರಿಂದ ತಿಳಿಯಬೇಕು. ನಮ್ಮ ಕಡೆಯ ದೊಡ್ಡಾಟ ನೋಡಿದವರಿಗೆ ಈ ನೀತಿ ಹೊಸತಲ್ಲ. ಎಂಥ ಚಕ್ರವರ್ತಿಯ ವೇಷವಾದರೂ ಕಿರೀಟ, ಭುಜಕೀರ್ತಿಗಳೊಡನೆ ರಂಗಕ್ಕೆ ಬಂದೊಡನೆ ಸಾದಾ ಉಡುಪಿನ ಸಾರಥಿ ಎದುರು ನಿಂತು ಪ್ರಶ್ನಿಸುತ್ತಾನೆ. ಚಕ್ರವರ್ತಿ ಉತ್ತರ ಕೊಡಲೇಬೇಕು. ಇಲ್ಲದಿದ್ದರೆ ಆಟ ಮುಂದೆ ಸಾಗದು.

ನೋಡುವವರ ಇಚ್ಛೆಯೂ ಬದಲಾಗುತ್ತ ಬಂದಿದೆ. 2021ರ ಜನವರಿ 11ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ದಾರಿ ಹಿಡಿದು ಬೆಂಗಳೂರಿಗೆ ಬಂದಿಳಿದ ವಿಮಾನವನ್ನು ನಡೆಸಿದವರು ಜೋಯಾ ಅಗರ್‌ವಾಲ್ ಮತ್ತು ಅವರ ಸಂಗಡಿಗರು, ಎಲ್ಲರೂ ಹೆಂಗಸರು. ಪ್ರೇಮ್ ಮಾಥುರ್ ಅವರನ್ನು ಹಿಂದಕ್ಕೆ ಕಳುಹಿಸಿದ ಕಂಪನಿಗಳು ಊಹಿಸಿದ್ದ ಭಯ ಆ ದಿನ ಯಾರ ಮುಖದಲ್ಲಿಯೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಆದುದರಿಂದ ವೈಮಾನಿಕನ ಉಡುಪು ಇಸ್ತ್ರಿಯಾಗಿ ಗರಿಗರಿಯಾಗಿರಲಿ, ದನಿ ಶಾಂತವಾಗಿರಲಿ. ಅದು ನಮಗೆ ಸಲ್ಲಬೇಕಾದ ಉಪಚಾರ. ಆದರೆ ನಮ್ಮ ಪ್ರಾಣ ನಿಂತಿರುವುದು ಧ್ವನಿವರ್ಧಕದಲ್ಲಿ ಎಂದೂ ಬಾರದ ಇನ್ನೊಂದು ದನಿಯ ಮೇಲೆ: ಪಕ್ಕದ ಆಸನದಿಂದ 'ಇದು ಸರಿಯಿಲ್ಲ' ಎನ್ನುವ ಕಿರಿಯರ ದನಿ. ಅದು ನಮಗೆ ಕೇಳಿಸಬೇಕಾದುದಿಲ್ಲ. ನಾಲ್ಕು ಪಟ್ಟಿ ಧರಿಸಿದವರಿಗೆ ಕೇಳಿಸಿದರೆ ಸಾಕು.